ಗಂಟೆಗೊಮ್ಮೆ ಏಳುವ ಸೇತುವೆ, ಗಂಟೆಗೆ ಏಳು ಮೈಲಿಯ ದೋಣಿ

ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ ರಾಲಿ, ಕೇರಿ ಕಡೆ ನೆಲೆಸಿರುವ ಕನ್ನಡಿಗರಿಗೆ ರೈಟ್ಸ್‌ವಿಲ್ ಬೀಚ್ ಕಾರಿನಲ್ಲಿ ಎರಡು ಗಂಟೆಯ ದಾರಿ. ಕಡಲು ಕಣ್ಣಿಗೆ ಬೀಳುವ ಮುನ್ನ ಒಂದು ಸೇತುವೆ ದಾಟಬೇಕು. ನಸೀಬು ಕೆಟ್ಟಿದ್ದರೆ ಸರಿಯಾಗಿ ಆಗಲೇ ಗೇಟು ಬೀಳುತ್ತದೆ. ರಸ್ತೆ ನಡುವೆ ಸೀಳಿಕೊಂಡು ಮೇಲೇಳುತ್ತದೆ, ಕೆಳಗೆ ನಾಲ್ಕಾರು ದೋಣಿಗಳು ಸಾಲಾಗಿ ದಾಟುತ್ತವೆ. ಕಾರಿನಲ್ಲಿ ಕೂತವರಿಗೆ ಅದು ಒಂದಿಷ್ಟು ಹೊತ್ತಿನ ಕಿರಿಕಿರಿ. ಕೆಳಗಿನ ದೋಣಿಯಲ್ಲಿರುವ ಗಂಡ-ಹೆಂಡತಿಗೆ ಮಾತ್ರ ಬೆಳಗ್ಗೆ ಎದ್ದಾಗಿನಿಂದ ಹಾಕುತ್ತ ಬಂದ ಲೆಕ್ಕ ತಾಳೆಯಾದ ಗಳಿಗೆ. ಆ ಲೆಕ್ಕ ಹೇಗೆ ನಡೆಯುತ್ತದೆ ಎನ್ನುವುದನ್ನು ಇಲ್ಲಿ ಒಂದು ಇಡೀ ದಿನ ಹಿಡಿದು ನೋಡೋಣ.

ದೋಣಿಗಳು ಸಾಗುವ ಆ ದಾರಿಯ ಹೆಸರು ಅಟ್ಲಾಂಟಿಕ್ ಇಂಟ್ರಾಕೋಸ್ಟಲ್ ವಾಟರ್‌ವೇ. ವರ್ಜೀನಿಯಾದ ನಾರ್ಫೋಕ್‌ನಲ್ಲಿ ಸೊನ್ನೆ ಮೈಲಿ ಎಂದು ಎಣಿಕೆ ಶುರುವಾಗಿ ಫ್ಲಾರಿಡಾದ ಮಯಾಮಿ ಹೊತ್ತಿಗೆ 1,090 ಮೈಲಿಯ ಆಸುಪಾಸಿಗೆ ಬರುತ್ತದೆ. ಸಮುದ್ರಕ್ಕೆ ಇಳಿಯದೆ, ಕರಾವಳಿಯ ಒಳಮಗ್ಗುಲಲ್ಲೇ ಅಷ್ಟು ದೂರ ಹೋಗಬಹುದು. ಅಲ್ಲಿನ ಕರಾವಳಿಯುದ್ದಕ್ಕೂ ಉದ್ದುದ್ದ ಮರಳಿನ ದ್ವೀಪಗಳು ಗೋಡೆ ಕಟ್ಟಿದ ಹಾಗೆ ನಿಂತಿರುವುದರಿಂದ ಇದು ಸಾಧ್ಯವಾಗಿದೆ. ಉಡುಪಿಯ ಕೋಡಿ ಬೆಂಗ್ರೆ ನೋಡಿದವರಿಗೆ ಈ ಭೂಗೋಳ ಬಿಡಿಸಿ ಹೇಳಬೇಕಿಲ್ಲ. ಒಂದು ಬದಿ ಕಡಲು, ನಡುವೆ ಮರಳಿನ ಪಟ್ಟಿ, ಇನ್ನೊಂದು ಬದಿ ತಣ್ಣಗಿನ ಹೊಳೆ. ಅದನ್ನೇ ನೂರಾರು ಮೈಲಿ ಎಳೆಯಿರಿ, ಹೊಳೆ ಇಲ್ಲದ ಕಡೆ ಕಾಲುವೆ ತೋಡಿ ಜೋಡಿಸಿ. 1808ರಲ್ಲೇ ಅಮೆರಿಕದ ಖಜಾನೆ ಕಾರ್ಯದರ್ಶಿ ಆಲ್ಬರ್ಟ್ ಗ್ಯಾಲಟಿನ್ ಇಂಥದೊಂದು ಒಳದಾರಿ ಬೇಕೆಂದು ವರದಿ ಕೊಟ್ಟಿದ್ದ. ತುಂಡು ತುಂಡಾಗಿ ಅದು ಕೂಡಿಕೊಳ್ಳಲು ನೂರು ವರ್ಷಕ್ಕೂ ಮೀರಿ ಹಿಡಿಯಿತು. 1942ರಲ್ಲಿ ಜರ್ಮನ್ ಸಬ್‌ಮರೀನ್‌ಗಳು ಇದೇ ನಾರ್ತ್ ಕ್ಯಾರೊಲೈನಾದ ಹೊರಗಡಲಲ್ಲಿ ಸರಕಿನ ಹಡಗುಗಳನ್ನು ಮುಳುಗಿಸತೊಡಗಿದಾಗ ಒಳದಾರಿಯ ಬೆಲೆ ಸರ್ಕಾರಕ್ಕೂ ಮನವರಿಕೆಯಾಯಿತು.

ಈಗ ಇಲ್ಲಿ ಸರಕಿನ ಬಾರ್ಜುಗಳಿಗಿಂತ ಹೆಚ್ಚಾಗಿ ಕಾಣುವುದು ಸ್ವಂತ ದೋಣಿಯ ದಂಪತಿಗಳು. ನಿವೃತ್ತರೇ ಜಾಸ್ತಿ. ಶರತ್ಕಾಲದಲ್ಲಿ ಚಳಿಗೆ ಬೆನ್ನು ಹಾಕಿ ದಕ್ಷಿಣಕ್ಕೆ, ವಸಂತದಲ್ಲಿ ಮತ್ತೆ ಉತ್ತರಕ್ಕೆ. ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲವಾದ್ದರಿಂದ ವಿಮೆ ಕಂಪನಿಗಳು ಇಂಥ ದಿನದ ಮುಂಚೆ ದಕ್ಷಿಣಕ್ಕೆ ಬರಕೂಡದೆಂದು ಷರತ್ತು ಹಾಕುವುದುಂಟು. ಹಾಗಾಗಿ ಅಕ್ಟೋಬರ್ ಕೊನೆಗೆ ದೋಣಿಗಳ ಹಿಂಡೇ ಇಳಿದು ಬರುತ್ತದೆ. ಲೈಸೆನ್ಸ್? ಸ್ವಂತ ವಿಹಾರಕ್ಕೆ ಓಡಿಸುವವರಿಗೆ ನಮ್ಮ ಕಾರಿನ ಲೈಸೆನ್ಸಿನಂಥದ್ದು ಅಲ್ಲಿ ಇಲ್ಲ. ರಾಜ್ಯಗಳು ಸುರಕ್ಷತೆಯ ತರಬೇತಿ ಕೇಳುತ್ತವೆ. ನಾರ್ತ್ ಕ್ಯಾರೊಲೈನಾದಲ್ಲಿ 1988ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು 10 ಅಶ್ವಶಕ್ತಿ ಮತ್ತು ಮೇಲ್ಪಟ್ಟ ಎಂಜಿನ್ ಓಡಿಸಬೇಕಾದರೆ ಮಾತ್ರ ಅದು ಕಡ್ಡಾಯ. ಅರವತ್ತು ದಾಟಿದವರು ಹಾಗೆಯೇ ಹೊರಡಬಹುದು. ಇದು ನನಗೆ ಅಷ್ಟೇನೂ ಸರಿ ಕಾಣುವುದಿಲ್ಲ.

ನಮ್ಮ ದಿನಕ್ಕೆ ಸ್ವಾನ್ಸ್‌ಬರೊ ಎಂಬ ಸಣ್ಣ ಪಟ್ಟಣದಿಂದ ರೈಟ್ಸ್‌ವಿಲ್ ಬೀಚ್ ತನಕದ ದಾರಿಯನ್ನು ತೆಗೆದುಕೊಳ್ಳೋಣ. 229ನೇ ಮೈಲಿಯಿಂದ 283ನೇ ಮೈಲಿ, ಒಟ್ಟು 54 ಮೈಲಿ, ಅಂದರೆ 87 ಕಿಲೋಮೀಟರ್. ಗಂಡ-ಹೆಂಡತಿ ಇಬ್ಬರೇ. 38 ಅಡಿಯ ಹಾಯಿದೋಣಿ. ನೀರಿನ ಕೆಳಗೆ 5 ಅಡಿ ಮುಳುಗಿರುತ್ತದೆ, ನೀರಿನ ಮೇಲೆ ಹಾಯಿಕಂಬದ ತುದಿ 55 ಅಡಿ. ಹಾಯಿದೋಣಿ ಎಂದ ಮಾತ್ರಕ್ಕೆ ಗಾಳಿಯಲ್ಲಿ ತೇಲಿಹೋಗುವ ಚಿತ್ರ ಬೇಡ. ಕಿರಿದಾದ ಕಾಲುವೆಯಲ್ಲಿ ಹಾಯಿ ಹೆಚ್ಚಾಗಿ ಮಡಚಿಕೊಂಡೇ ಇರುತ್ತದೆ, ದೂಡುವುದು ಡೀಸೆಲ್ ಎಂಜಿನ್. ವೇಗ ಗಂಟೆಗೆ 7 ಮೈಲಿ. ಸೈಕಲ್ಲಿನವನೂ ಹಿಂದೆ ಹಾಕಿ ಹೋಗುವ ವೇಗ.

ಬೆಳಗಿನ ಕೆಲಸ ಎಂಜಿನ್ನಿನ ಮುಚ್ಚಳ ಎತ್ತುವುದರಿಂದ ಶುರು. ಆಯಿಲ್ ಮಟ್ಟ, ಕೂಲೆಂಟ್, ಬೆಲ್ಟಿನ ಬಿಗಿ, ಡೀಸೆಲ್ ಫಿಲ್ಟರಿನ ಗಾಜಿನ ಬಟ್ಟಲಿನಲ್ಲಿ ನೀರು ನಿಂತಿದೆಯೇ, ತಳದಲ್ಲಿ ನೀರು ಜಿನುಗಿದೆಯೇ. ಎಂಜಿನ್ ತಂಪಾಗಿಸಲು ಹೊರಗಿನ ಉಪ್ಪುನೀರನ್ನು ಒಳಗೆಳೆಯುವ ಪೈಪಿಗೊಂದು ಜಾಲರಿ ಇರುತ್ತದೆ, ಅದರಲ್ಲಿ ಹುಲ್ಲು ಕಟ್ಟಿಕೊಂಡಿದ್ದರೆ ತೆಗೆಯಬೇಕು. ಎಂಜಿನ್ ಚಾಲೂ ಮಾಡಿದ ಕೂಡಲೇ ಒಬ್ಬರು ಹಿಂಬದಿಗೆ ಬಗ್ಗಿ ಹೊಗೆಕೊಳವೆಯಿಂದ ಹೊಗೆಯ ಜೊತೆ ನೀರೂ ಉಗುಳುತ್ತಿದೆಯೇ ನೋಡುತ್ತಾರೆ. ನೀರು ಬಾರದಿದ್ದರೆ ಆ ಕ್ಷಣವೇ ಆಫ್. ಆ ಪಂಪಿನೊಳಗಿನ ರಬ್ಬರ್ ಚಕ್ರ ಸವೆದರೆ ಕೆಲವೇ ನಿಮಿಷದಲ್ಲಿ ಎಂಜಿನ್ ಕಾದುಹೋಗುತ್ತದೆ.

ಅಷ್ಟರಲ್ಲಿ ಇನ್ನೊಬ್ಬರು ಮೇಜಿನ ಮೇಲೆ ಸಮಯದ ಲೆಕ್ಕ ಹಾಕುತ್ತಿರುತ್ತಾರೆ. ಈ ದಾರಿಯ ಗಟ್ಟಿ ಸೇತುವೆಗಳೆಲ್ಲ ಸಾಮಾನ್ಯವಾಗಿ ನೀರಿನಿಂದ 65 ಅಡಿ ಎತ್ತರ, ಹಾಯಿಕಂಬ ಸಲೀಸಾಗಿ ನುಸುಳುತ್ತದೆ. ಆದರೆ ತೆರೆಯುವ ಸೇತುವೆಗಳು ತಗ್ಗಿನವು. ಇವತ್ತಿನ ದಾರಿಯಲ್ಲಿ ಅಂಥವು ಮೂರಿವೆ: 240.7ನೇ ಮೈಲಿಯಲ್ಲಿ ಆನ್ಸ್ಲೊ ಬೀಚ್ ಸೇತುವೆ, 278.1ರಲ್ಲಿ ಫಿಗರ್ ಎಯ್ಟ್ ದ್ವೀಪದ ಸೇತುವೆ, 283.1ರಲ್ಲಿ ರೈಟ್ಸ್‌ವಿಲ್ ಬೀಚಿನದು. ಮೊದಲಿನ ಎರಡು ಹಗಲಲ್ಲಿ ಗಂಟೆಗೆ ಮತ್ತು ಅರ್ಧ ಗಂಟೆಗೆ ತೆರೆಯುತ್ತವೆ. ಮೂರನೆಯದು ಗಂಟೆಗೊಂದೇ ಸಲ. ಸರ್ಫ್ ಸಿಟಿಯಲ್ಲಿ ಇನ್ನೊಂದಿತ್ತು. 2018ರ ಡಿಸೆಂಬರಿನಲ್ಲಿ ಅಲ್ಲಿ ಎತ್ತರದ ಹೊಸ ಸೇತುವೆ ಬಂದಮೇಲೆ ಒಂದು ತಲೆನೋವು ಕಡಿಮೆಯಾಯಿತು.

ಈಗ ಕಾಗದ ಪೆನ್ನು ಹಿಡಿಯಿರಿ. ಮೊದಲ ಸೇತುವೆಗೆ 11.7 ಮೈಲಿ, 7 ಮೈಲಿ ವೇಗದಲ್ಲಿ 100 ನಿಮಿಷ. ಬೆಳಗ್ಗೆ 7.15ಕ್ಕೆ, ಸೂರ್ಯ ಇನ್ನೂ ಮೂಡದ ತಿಳಿಬೆಳಕಿನಲ್ಲಿ ಹೊರಟರೆ 8.55ಕ್ಕೆ ಅಲ್ಲಿ, 9ಕ್ಕೆ ಸೇತುವೆ ತೆರೆಯುತ್ತದೆ. ಮುಂದಿನದಕ್ಕೆ 37.4 ಮೈಲಿ, 5 ಗಂಟೆ 20 ನಿಮಿಷ. ಮಧ್ಯಾಹ್ನ 2.20ಕ್ಕೆ ತಲುಪಿ, ಹತ್ತು ನಿಮಿಷ ಕಾದು, 2.30ಕ್ಕೆ ದಾಟಬಹುದು. ಅಲ್ಲಿಂದ ಕೊನೆಯದಕ್ಕೆ ಐದೇ ಮೈಲಿ, 43 ನಿಮಿಷ, 3.13. ಆದರೆ ಆ ಸೇತುವೆ 3ಕ್ಕೆ ತೆರೆದು ಮುಚ್ಚಿರುತ್ತದೆ, ಇನ್ನು 4 ಗಂಟೆಗೇ. ನಿಲ್ಲಲು ಜಾಗವಿಲ್ಲದ ಕಾಲುವೆಯಲ್ಲಿ ಮುಕ್ಕಾಲು ಗಂಟೆ ಗಾಳಿ, ಸೆಳೆತ, ಹತ್ತಾರು ದೋಣಿಗಳ ನಡುವೆ ಗಿರಕಿ ಹೊಡೆಯಬೇಕು.

ಇದೇ ದಂಪತಿ ಬೆಳಗ್ಗೆ 9ರಿಂದಲೇ ಗಂಟೆಗೆ 7ರ ಬದಲು ಏಳೂವರೆ ಮೈಲಿಗಿಂತ ಕೂದಲೆಳೆ ಹೆಚ್ಚು ವೇಗ ಹಿಡಿದರು ಅನ್ನಿ. ಎರಡನೇ ಸೇತುವೆಯ 2 ಗಂಟೆಯ ಸರದಿ ಸಿಗುತ್ತದೆ, ಮೂರನೆಯದರ 3 ಗಂಟೆಯದೂ ಸಿಗುತ್ತದೆ. ಅರ್ಧ ಮೈಲಿ ವೇಗಕ್ಕೆ ಸಂಜೆಯ ಒಂದು ಗಂಟೆ ಉಳಿತಾಯ. ಅದು ಆಗದ ದೋಣಿಯಾದರೆ ಕೊನೆಯ ಐದು ಮೈಲಿಯನ್ನು ಬೇಕೆಂದೇ ಆಮೆಗತಿಯಲ್ಲಿ, ಗಂಟೆಗೆ ಮೂರೂವರೆ ಮೈಲಿಯಲ್ಲಿ ಸಾಗಿಸುವುದು ಜಾಣತನ. ಸೇತುವೆಯ ಮುಂದೆ ನಿಂತು ಒದ್ದಾಡುವುದಕ್ಕಿಂತ ದಾರಿಯಲ್ಲೇ ಹೊತ್ತು ಕಳೆಯುವುದು ಸುಲಭ. ಗಂಟೆಗೆ 5 ಮೈಲಿಯ ನಿಧಾನದ ದೋಣಿಯವರ ಪಾಡು ಇನ್ನೊಂದು ಬಗೆಯದು. ಅವರಿಗೆ ಆ ಐದು ಮೈಲಿಗೆ ಸರಿಯಾಗಿ ಒಂದು ಗಂಟೆ ಬೇಕು, 2ಕ್ಕೆ ಅಲ್ಲಿ ದಾಟಿದವರು 3ಕ್ಕೆ ಇಲ್ಲಿಗೆ ಉಸಿರುಗಟ್ಟಿ ಬಂದು ಸೇರುತ್ತಾರೆ. ಎರಡು ನಿಮಿಷ ತಡವಾದವರಿಗಾಗಿ ಸೇತುವೆಯವರು ಕಾದೇ ಕಾಯುತ್ತಾರೆ ಎಂದು ನಂಬಿ ಕೂರುವಂತಿಲ್ಲ. ಮೇಲೆ ಕಾರುಗಳ ಸಾಲು ಬೆಳೆಯುತ್ತಿರುತ್ತದೆ.

ಸೇತುವೆಯವರ ಜೊತೆ ಮಾತು ವಿಎಚ್‌ಎಫ್ ವೈರ್‌ಲೆಸ್ಸಿನಲ್ಲಿ. ವರ್ಜೀನಿಯಾ, ನಾರ್ತ್ ಕ್ಯಾರೊಲೈನಾಗಳಲ್ಲಿ 13ನೇ ಚಾನೆಲ್, ಅಲ್ಲಿಂದ ಕೆಳಗಿನ ರಾಜ್ಯಗಳಲ್ಲಿ 9ನೇದು. 16 ಎಲ್ಲರೂ ಕಿವಿಗೊಟ್ಟಿರಬೇಕಾದ ಆಪತ್ತಿನ ಚಾನೆಲ್. ಸೇತುವೆಯ ಹೆಸರು, ದೋಣಿಯ ಹೆಸರು, ಯಾವ ಕಡೆಗೆ ಹೊರಟಿದ್ದೀರಿ, ಎಷ್ಟು ಗಂಟೆಯ ಸರದಿ ಬೇಕು, ಇಷ್ಟು ಹೇಳಿದರೆ ಮುಗಿಯಿತು. ಮಡಚಬಹುದಾದ ಆಂಟೆನಾವನ್ನು ಮಡಚಿದರೆ ಕೆಳಗೆ ನುಸುಳಬಹುದಾದ ಮೋಟಾರು ದೋಣಿಯವರು ಸುಮ್ಮನೆ ಸೇತುವೆ ಎತ್ತಿಸುವಂತಿಲ್ಲ, ಕಾನೂನೇ ಇದೆ.

ಗಡಿಯಾರದ ಪಾಠ ಇಷ್ಟು. ಇನ್ನು ಮರಳಿನದು, ಅದು ಇನ್ನೂ ಗಟ್ಟಿ ಪಾಠ.

ನಕಾಶೆಯ ಪ್ರಕಾರ ಈ ಕಾಲುವೆಯ ಆಳ 12 ಅಡಿ. ಅದನ್ನು ಕಾಪಾಡುವ ಹೊಣೆ ಅಮೆರಿಕ ಸೇನೆಯ ಎಂಜಿನಿಯರುಗಳ ದಳದ್ದು. ಆದರೆ ಹೂಳೆತ್ತುವ ಹಣ ಹಂಚುವಾಗ ಸರಕಿನ ಸಾಗಣೆ ಎಷ್ಟೆಂದು ನೋಡುತ್ತಾರೆ, ಸರಕು ಕಡಿಮೆಯಾದ ಕಡೆ ಹಣವೂ ಕಡಿಮೆ. ಮರಳು ಮಾತ್ರ ಬಜೆಟ್ ನೋಡಿ ಬರುವುದಿಲ್ಲ. ದ್ವೀಪಗಳ ನಡುವೆ ಕಡಲು ಒಳನುಗ್ಗುವ ಅಳಿವೆಗಳಿವೆಯಲ್ಲ, ಅಲ್ಲೆಲ್ಲ ಅಲೆ ಮರಳನ್ನು ಹೊತ್ತು ತಂದು ಕಾಲುವೆಯ ಅಡ್ಡಕ್ಕೆ ಸುರಿಯುತ್ತದೆ. ಇವತ್ತಿನ ದಾರಿಯಲ್ಲಿ ಬ್ರೌನ್ಸ್ ಅಳಿವೆ, ನ್ಯೂ ರಿವರ್ ಅಳಿವೆಗಳು ಇದಕ್ಕೆ ಕುಖ್ಯಾತ. ಅಳಿವೆಯಲ್ಲಿ ಮಗುಚಿದ ದೋಣಿಗಳ ಸುದ್ದಿಯನ್ನು ಪ್ರತಿ ಮಳೆಗಾಲ ಓದುವ ನಮ್ಮ ಕರಾವಳಿಯವರಿಗೆ ಅಳಿವೆಯ ಮರಳು ಎಂದರೆ ಏನೆಂದು ಗೊತ್ತು. ಒಳಕಾಲುವೆಯಲ್ಲಿ ದೋಣಿ ಮಗುಚುವ ಭಯವಿಲ್ಲ, ಕೂತುಬಿಡುವ ಭಯ.

ದಾರಿ ತೋರಿಸಲು ನೀರಿನಲ್ಲಿ ಕಂಬ ನೆಟ್ಟು ಫಲಕ ಹೊಡೆದಿದ್ದಾರೆ. ದಕ್ಷಿಣಕ್ಕೆ ಹೊರಟವರಿಗೆ ಕೆಂಪು ತ್ರಿಕೋನ ಬಲಕ್ಕೆ, ಹಸಿರು ಚೌಕ ಎಡಕ್ಕೆ ಇರಬೇಕು. ನಮ್ಮ ಮಂಗಳೂರು, ಮಲ್ಪೆ ಬಂದರಿಗೆ ಒಳಬರುವಾಗ ಕೆಂಪು ಎಡಕ್ಕೆ. ಜಗತ್ತಿನಲ್ಲಿ ಈ ವಿಷಯಕ್ಕೆ ಎರಡು ಪದ್ಧತಿಗಳಿವೆ, ಅಮೆರಿಕ ಖಂಡಗಳು, ಜಪಾನ್, ಕೊರಿಯಾ, ಫಿಲಿಪೀನ್ಸ್ ಒಂದು ಕಡೆ, ಭಾರತವೂ ಸೇರಿ ಉಳಿದವರು ಇನ್ನೊಂದು ಕಡೆ. ಇಲ್ಲಿ ಕಲಿತ ಕಣ್ಣು ಅಲ್ಲಿ ಹೋಗಿ ಚುಕ್ಕಾಣಿ ಹಿಡಿದರೆ ಮೊದಲು ಈ ಗಂಟು ಬಿಡಿಸಿಕೊಳ್ಳಬೇಕು. ಅದರ ಮೇಲೆ ಇನ್ನೊಂದು ತೊಡಕು. ಸಮುದ್ರದಿಂದ ಒಳಬರುವ ದಾರಿ ಈ ಕಾಲುವೆಯ ಜೊತೆ ಸೇರಿಕೊಂಡ ಕಡೆ ಫಲಕದ ಬಣ್ಣ ಸಮುದ್ರದಿಂದ ಬರುವವರ ಲೆಕ್ಕಕ್ಕೆ ತಕ್ಕಂತೆ ಇರುತ್ತದೆ, ಕೆಂಪು-ಹಸಿರು ಅದಲುಬದಲಾಗಬಹುದು. ಆಗ ಫಲಕದ ಮೇಲಿನ ಪುಟ್ಟ ಹಳದಿ ಗುರುತನ್ನು ನೋಡಬೇಕು. ಹಳದಿ ತ್ರಿಕೋನವಿದ್ದರೆ, ಫಲಕದ ಬಣ್ಣ ಏನೇ ಇರಲಿ, ದಕ್ಷಿಣಕ್ಕೆ ಹೋಗುವವರಿಗೆ ಅದು ಬಲಕ್ಕೇ.

ಅಳಿವೆಗಳ ಬಳಿ ಮಾತ್ರ ಕಂಬವಿಲ್ಲ, ತೇಲುವ ಬೋಯೆಗಳು. ಮರಳು ಸರಿದ ಹಾಗೆ ಕೋಸ್ಟ್ ಗಾರ್ಡಿನವರು ಅವನ್ನೂ ಸರಿಸುತ್ತಾರೆ. ಪರದೆಯ ಮೇಲಿನ ನಕಾಶೆ ಒಂದು ಕಡೆ ತೋರಿಸಿ, ಕಣ್ಣೆದುರಿನ ಬೋಯೆ ಇನ್ನೊಂದು ಕಡೆ ತೇಲುತ್ತಿದ್ದರೆ ಬೋಯೆಯನ್ನೇ ನಂಬಬೇಕು. ಎಂಜಿನಿಯರುಗಳ ದಳ ಪ್ರಕಟಿಸುವ ಹೊಸ ಆಳದ ಅಳತೆಗಳನ್ನು ಆಕ್ವಾ ಮ್ಯಾಪ್‌ನಂಥ ಆ್ಯಪ್‌ಗಳು ನಕಾಶೆಯ ಮೇಲೆ ಬಣ್ಣ ಹಚ್ಚಿ ತೋರಿಸುತ್ತವೆ. ಹಿಂದಿನ ದಿನ ಸಂಜೆಯೇ ಅದನ್ನು ನೋಡಿಕೊಳ್ಳುವುದು ವಾಡಿಕೆ.

ಅಳಿವೆ ದಾಟುವಾಗ ಇನ್ನೊಂದು ಸಂಗತಿ ನಡೆಯುತ್ತದೆ. ಉಬ್ಬರದ ನೀರು ಅಳಿವೆಯಿಂದ ನುಗ್ಗಿ ಕಾಲುವೆಯಲ್ಲಿ ಎರಡೂ ದಿಕ್ಕಿಗೆ ಹರಡಿಕೊಳ್ಳುತ್ತದೆ. ಹಾಗಾಗಿ ಅಳಿವೆ ಹತ್ತಿರವಾಗುವ ತನಕ ನೀರು ದೋಣಿಗೆ ಎದುರು, ದಾಟಿದ ಮೇಲೆ ಅದೇ ನೀರು ಬೆನ್ನು ತಳ್ಳುತ್ತದೆ. ಇಳಿತದಲ್ಲಿ ಇದರ ತದ್ವಿರುದ್ಧ. ದಿನದ ಕೊನೆಗೆ ಲಾಭ-ನಷ್ಟ ಹೆಚ್ಚುಕಡಿಮೆ ಸರಿಹೋದರೂ ಸೇತುವೆಯ ಲೆಕ್ಕ ನಡುವೆ ಏರುಪೇರಾಗುತ್ತಲೇ ಇರುತ್ತದೆ. ಸರಿಯಾಗಿ ಅಳಿವೆಯ ಬಾಯಿಗೆ ಬಂದಾಗ ಸೆಳೆತ ಪಕ್ಕದಿಂದ ಬಡಿಯುತ್ತದೆ. ಮೂತಿ ಮುಂದಿನ ಬೋಯೆಯ ನೇರಕ್ಕೇ ಇದೆ, ಆದರೆ ದೋಣಿ ಅಡ್ಡಡ್ಡ ಜಾರುತ್ತಿದೆ. ಮುಂದೆ ನೋಡುತ್ತಿರುವವರಿಗೆ ಇದು ತಿಳಿಯುವುದೇ ಇಲ್ಲ. ಒಬ್ಬರು ಹಿಂದೆ ತಿರುಗಿ, ದಾಟಿಬಂದ ಬೋಯೆ ಬೆನ್ನಿನ ನೇರಕ್ಕೆ ಇದೆಯೇ ಎಂದು ನೋಡುತ್ತಿರಬೇಕು. ಅದು ಪಕ್ಕಕ್ಕೆ ಸರಿದಂತೆ ಕಂಡರೆ ನೀವು ದಾರಿ ಬಿಟ್ಟಿರಿ ಎಂದರ್ಥ. ಇಬ್ಬರಿರುವ ದೋಣಿಯಲ್ಲಿ ಎರಡನೆಯವರ ಎರಡು ಕಣ್ಣು ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಇಲ್ಲೇ.

ಒಂದೊಮ್ಮೆ ದೋಣಿ ಮರಳೇರಿ ಕೂತರೆ? ಉಬ್ಬರ ಏರುತ್ತಿದ್ದರೆ ಒಂದು ಕಪ್ ಕಾಫಿ ಕುಡಿಯುವಷ್ಟು ಕಾದರೂ ನೀರೇ ಎತ್ತಿಬಿಡಬಹುದು. ಇಳಿಯುತ್ತಿದ್ದರೆ ಪ್ರತಿ ನಿಮಿಷವೂ ಕೆಡುಕು. ತಕ್ಷಣ ಹಿಂದಕ್ಕೆ ಎಳೆಯಲು ಆಗದಿದ್ದರೆ ದೋಣಿ ಓರೆಯಾಗಿ ಮಲಗಿ ಗಂಟೆಗಟ್ಟಲೆ ಅಲ್ಲೇ. ಜೀವಕ್ಕೆ ಅಪಾಯವಿಲ್ಲದಿದ್ದರೆ ಕೋಸ್ಟ್ ಗಾರ್ಡ್ ಎಳೆಯಲು ಬರುವುದಿಲ್ಲ, ಖಾಸಗಿ ಎಳೆದೋಣಿಯವರನ್ನು ಕರೆಯಬೇಕು. ಟೋಬೋಟ್‌ಯುಎಸ್‌ನ ಕೆಂಪು ದೋಣಿಗಳು, ಸೀ ಟೋದ ಹಳದಿ ದೋಣಿಗಳು ಈ ಕೆಲಸಕ್ಕೇ ಇವೆ. ವರ್ಷದ ಚಂದಾ ಕಟ್ಟಿದವರಿಗೆ ಚಿಂತೆಯಿಲ್ಲ, ಕಟ್ಟದವರ ಒಂದು ಸಲದ ಬಿಲ್ಲು ಹತ್ತಾರು ವರ್ಷದ ಚಂದಾ ನುಂಗಬಹುದು. ಹಾಗಾಗಿ ಸೇತುವೆಯ ವೇಳೆಗೂ ಉಬ್ಬರದ ವೇಳೆಗೂ ಹೊಂದದ ದಿನ ನನ್ನ ಪ್ರಕಾರ ಸೇತುವೆಯನ್ನು ಬಿಟ್ಟುಕೊಡಬೇಕು. ಸೇತುವೆ ಅರ್ಧ ಗಂಟೆಗೋ ಒಂದು ಗಂಟೆಗೋ ಮತ್ತೆ ತೆರೆಯುತ್ತದೆ. ಇಳಿದ ನೀರು ಮತ್ತೆ ತುಂಬಲು ಆರು ಗಂಟೆ ಬೇಕು.

ಆನ್ಸ್ಲೊ ಸೇತುವೆಯ ಆಸುಪಾಸು ಕ್ಯಾಂಪ್ ಲಜೂನ್ ಎಂಬ ಮರೀನ್ ಸೈನಿಕರ ನೆಲೆ. ನಿಜವಾದ ಗುಂಡು ಹಾರಿಸುವ ಅಭ್ಯಾಸವಿದ್ದ ದಿನ ಕಾಲುವೆಯನ್ನೇ ಮುಚ್ಚುತ್ತಾರೆ, ಕಾವಲು ದೋಣಿ ಅಡ್ಡ ನಿಲ್ಲುತ್ತದೆ. ಅಲ್ಲಿನ ಎಚ್ಚರಿಕೆ ಫಲಕದ ದೀಪ ಮಿನುಗುತ್ತಿದ್ದರೆ ಮುಂದೆ ಹೋಗಕೂಡದು. ವೈರ್‌ಲೆಸ್ಸಿನಲ್ಲಿ ಮುಂಚೆಯೇ ಸಾರುತ್ತಾರೆ, ಕೇಳಿಸಿಕೊಳ್ಳದವರ ಇಡೀ ದಿನದ ಲೆಕ್ಕ ಅಲ್ಲೇ ಮುಗಿಯಿತು. ನೀರಿನ ಗುರುತುಕಂಬಗಳ ತಲೆಯ ಮೇಲೆ ಆಸ್ಪ್ರೆ ಎಂಬ ಮೀನುಗಿಡುಗದ ಕಡ್ಡಿಗೂಡು, ಮೇಲೆ ಆಕಾಶದಲ್ಲಿ ಗುಡುಗುತ್ತ ಹೋಗುವ ಅದೇ ಹೆಸರಿನ ಸೇನಾ ವಿಮಾನ, ಎರಡನ್ನೂ ಒಂದೇ ನೋಟದಲ್ಲಿ ಕಾಣಬಹುದಾದ ಜಾಗ ಅದು.

ಅಲ್ಲಿಂದ ಮುಂದೆ ಟಾಪ್‌ಸೇಲ್ ದ್ವೀಪದ ಉದ್ದಕ್ಕೂ ಕಂಬದ ಮೇಲೆ ನಿಂತ ಮನೆಗಳು, ಮನೆಗೊಂದು ಕಟ್ಟೆ. ಇಲ್ಲಿ ಅಪಾಯ ಬರುವುದು ಹಿಂದಿನಿಂದ. ಗಂಟೆಗೆ ಇಪ್ಪತ್ತು ಮೈಲಿಯ ಮೋಟಾರು ದೋಣಿ ರಭಸದಲ್ಲಿ ಪಕ್ಕ ಹಾದರೆ ಅದರ ಅಲೆಗೆ ಹಾಯಿದೋಣಿಯೊಳಗಿನ ಪಾತ್ರೆಪಡಗ ನೆಲಕ್ಕೆ. ಎಬ್ಬಿಸಿದ ಅಲೆಯ ಹಾನಿಗೆ ಎಬ್ಬಿಸಿದವನೇ ಹೊಣೆ ಎಂಬ ನಿಯಮವಿದೆ. ಹಾಗಾಗಿ ಸಭ್ಯರು ಮೊದಲು ವೈರ್‌ಲೆಸ್ಸಿನಲ್ಲಿ ಕೇಳುತ್ತಾರೆ. ‘ಒಂದು ಸೀಟಿ’ ಎಂದರೆ ನಿಮ್ಮ ಬಲಬದಿಯಿಂದ, ‘ಎರಡು ಸೀಟಿ’ ಎಂದರೆ ಎಡಬದಿಯಿಂದ ಮುಂದೆ ಹೋಗುತ್ತೇನೆ ಎಂದು. ಆಗ ನಿಧಾನ ಮಾಡಬೇಕಾದವರು ಹಿಂದಿನವರು ಮಾತ್ರವಲ್ಲ. ಮುಂದಿನವರು 7ರಲ್ಲೇ ಓಡಿದರೆ ಹಿಂದಿನವರು ಅದಕ್ಕಿಂತ ಜೋರಾಗಿಯೇ ಹಾಯಬೇಕಾಗುತ್ತದೆ, ಅಲೆ ಎದ್ದೇ ಏಳುತ್ತದೆ. ಮುಂದಿನವರು ಗೇರು ಹಾಕಿಕೊಂಡೇ ಎಂಜಿನ್ನನ್ನು ಅತಿ ಕಡಿಮೆಗೆ ಇಳಿಸಿದರೆ ಹಿಂದಿನವರು ಮೆಲ್ಲಗೆ, ಅಲೆಯಿಲ್ಲದೆ ಹಾದುಹೋಗುತ್ತಾರೆ. ಹೊಸಬರಿಗೆ ಇದು ತಲೆಗೆ ಹೋಗಲು ಸ್ವಲ್ಪ ದಿನ ಬೇಕು. ಇನ್ನು ಏಡಿ ಹಿಡಿಯುವ ಬೋನುಗಳ ತೇಲುಬೆಂಡು ಕಂಡರೆ ದೂರ. ಅದರ ಹಗ್ಗ ಪ್ರೊಪೆಲ್ಲರಿಗೆ ಸುತ್ತಿಕೊಂಡರೆ ತಣ್ಣೀರಿಗೆ ಇಳಿದು ಚಾಕುವಿನಲ್ಲಿ ಕೊಯ್ಯಬೇಕು.

ಆಟೋಪೈಲಟ್ ಇದ್ದರೂ ಕಾಲುವೆಯಲ್ಲಿ ಅದಕ್ಕೆ ಒಪ್ಪಿಸಿ ಕೂರುವಂತಿಲ್ಲ. ಎಂಟು ಗಂಟೆ ಯಾರಾದರೊಬ್ಬರ ಕಣ್ಣು ನೀರಿನ ಮೇಲೆ, ಆಳ ತೋರಿಸುವ ಸೌಂಡರಿನ ಮೇಲೆ ಇರಲೇಬೇಕು. ಗಂಟೆಗೊಮ್ಮೆ ಚುಕ್ಕಾಣಿ ಕೈ ಬದಲಾಗುತ್ತದೆ. ಊಟ ಹಿಂದಿನ ರಾತ್ರಿಯೇ ಮಾಡಿಟ್ಟಿರುವುದು ಲೇಸು. ಬಹಳ ದೋಣಿಗಳಲ್ಲಿ ಗಂಡ ಚುಕ್ಕಾಣಿಯಲ್ಲಿ, ಹೆಂಡತಿ ಮುಂಬದಿಯಲ್ಲಿ ಹಗ್ಗ ಲಂಗರುಗಳ ಜೊತೆ ಕಾಣಿಸುತ್ತಾರೆ. ಇದು ಉಲ್ಟಾ ಇರುವುದೇ ಸರಿ ಎಂದು ನನ್ನ ಎಣಿಕೆ. ಲಂಗರು ಎತ್ತಲು ತೋಳಿನ ಬಲ ಬೇಕು, ಚುಕ್ಕಾಣಿಗೆ ಮೆಲ್ಲನೆಯ ಕೈ ಸಾಕು. ಹೇಗೂ ಇಬ್ಬರಿಗೂ ಎರಡೂ ಬರಬೇಕು, ಒಬ್ಬರು ಜಾರಿ ನೀರಿಗೆ ಬಿದ್ದರೆ ತಿರುಗಿ ಬಂದು ಎತ್ತಿಕೊಳ್ಳಬೇಕಾದವರು ಉಳಿದ ಒಬ್ಬರೇ. ಮುಂಬದಿಗೂ ಹಿಂಬದಿಗೂ ನಡುವೆ ಎಂಜಿನ್ ಸದ್ದಿನಲ್ಲಿ ಕಿರುಚಾಡಿ ಜಗಳವಾಗದಿರಲೆಂದು ಇಬ್ಬರೂ ತಲೆಗೆ ಬ್ಲೂಟೂತ್ ಹೆಡ್‌ಸೆಟ್ ಹಾಕಿಕೊಳ್ಳುತ್ತಾರೆ. ಮದುವೆ ಉಳಿಸುವ ಯಂತ್ರ ಎಂದೇ ದೋಣಿಯವರ ನಡುವೆ ಅದಕ್ಕೆ ಅಡ್ಡಹೆಸರು.

ರೈಟ್ಸ್‌ವಿಲ್ ಸೇತುವೆ ದಾಟಿದ ಮೇಲೆ ಎರಡು ದಾರಿ. ಮರೀನಾಕ್ಕೆ ಹೋದರೆ ದೋಣಿಯ ಉದ್ದದ ಪ್ರತಿ ಅಡಿಗೆ ಇಷ್ಟು ಡಾಲರ್ ಎಂದು ಬಾಡಿಗೆ. ಕರೆಂಟು, ಕುಡಿಯುವ ನೀರು, ಬಿಸಿನೀರಿನ ಸ್ನಾನ ಸಿಗುತ್ತದೆ. ಶೌಚದ ಟ್ಯಾಂಕನ್ನೂ ಖಾಲಿ ಮಾಡಿಸಬಹುದು, ದಡದಿಂದ ಮೂರು ನಾಟಿಕಲ್ ಮೈಲಿಯೊಳಗೆ ಅದನ್ನು ನೀರಿಗೆ ಬಿಡುವುದು ಅಪರಾಧ. ದುಡ್ಡು ಉಳಿಸುವವರು ಎಡಕ್ಕೆ ಹೊರಳಿ ಮಾಟ್ಸ್ ಚಾನೆಲ್ ಮೂಲಕ ಬ್ಯಾಂಕ್ಸ್ ಚಾನೆಲ್ ಸೇರಿ ಲಂಗರು ಹಾಕುತ್ತಾರೆ.

ಲಂಗರಿನದೂ ಲೆಕ್ಕವೇ. ನೀರು ಈಗ 12 ಅಡಿ, ದೋಣಿಯ ಮೂತಿ ನೀರಿನಿಂದ 4 ಅಡಿ ಮೇಲೆ, ಉಬ್ಬರಕ್ಕೆ ಇನ್ನೂ 4 ಅಡಿ ಏರಲಿದೆ. ಒಟ್ಟು 20. ಅದರ ಐದು ಪಟ್ಟು, ಅಂದರೆ 100 ಅಡಿ ಸರಪಳಿ ಬಿಡಬೇಕು. ಗಾಳಿ ಏಳುವ ಲಕ್ಷಣವಿದ್ದರೆ ಏಳು ಪಟ್ಟು, 140. ಸರಪಳಿ ಉದ್ದವಾದಷ್ಟೂ ಎಳೆತ ಅಡ್ಡಡ್ಡಕ್ಕೆ ಬಂದು ಲಂಗರು ಮರಳಿಗೆ ಕಚ್ಚಿಕೊಳ್ಳುತ್ತದೆ, ಗಿಡ್ಡವಾದರೆ ಮೇಲಕ್ಕೆ ಕಿತ್ತುಬರುತ್ತದೆ. ಬಿಟ್ಟ ಮೇಲೆ ಎಂಜಿನ್ನನ್ನು ಹಿಂದಕ್ಕೆ ಓಡಿಸಿ ಜಗ್ಗಿ ನೋಡುತ್ತಾರೆ, ದಡದ ಎರಡು ಗುರುತುಗಳು ಅಲುಗದಿದ್ದರೆ ಕಚ್ಚಿದೆ ಎಂದು ಲೆಕ್ಕ. ಇಲ್ಲಿ ಆರು ಗಂಟೆಗೊಮ್ಮೆ ಸೆಳೆತ ದಿಕ್ಕು ಬದಲಿಸುವುದರಿಂದ ರಾತ್ರಿ ದೋಣಿ ಪೂರಾ ತಿರುಗಿ ನಿಲ್ಲುತ್ತದೆ. ಆ ಹೊತ್ತಿಗೆ ಲಂಗರು ಕಿತ್ತು ಬಂದರೆ ಎಚ್ಚರಿಸಲು ಫೋನಿನಲ್ಲಿ ಅಲಾರಂ, ಬೇರೆ ದೋಣಿಗಳಿಗೆ ಕಾಣಲು ಕಂಬದ ತುದಿಯಲ್ಲಿ ಬಿಳಿ ದೀಪ.

ಮಲಗುವ ಮುಂಚೆ ಮಾರನೆಯ ದಿನದ ಕಾಗದ ತೆಗೆಯಬೇಕು. ಸೌತ್‌ಪೋರ್ಟ್ 26 ಮೈಲಿ. ನಡುವೆ ತೆರೆಯಬೇಕಾದ ಸೇತುವೆ ಒಂದೂ ಇಲ್ಲ, ಸ್ನೋಸ್ ಕಟ್ ಮೇಲಿನದು 65 ಅಡಿಯ ಗಟ್ಟಿ ಸೇತುವೆ. ಆದರೆ ಆ ಕಾಲುವೆ ಕೇಪ್ ಫಿಯರ್ ನದಿಗೆ ಹೋಗಿ ಬೀಳುತ್ತದೆ, ಅಲ್ಲಿ ಇಳಿತದ ನೀರು ಸಿಕ್ಕಿದರೆ 7 ಮೈಲಿಯ ದೋಣಿ 9ರಲ್ಲಿ ಓಡುತ್ತದೆ, ಉಬ್ಬರ ಎದುರಾದರೆ 5ಕ್ಕೆ ಇಳಿಯುತ್ತದೆ. ಇಳಿತದ ಮೇಲೆ ದಕ್ಷಿಣದ ಗಾಳಿ ಎದುರಿನಿಂದ ಬಡಿದರೆ ನದಿಯಲ್ಲಿ ಗಿಡ್ಡ, ಕಡಿದಾದ ಅಲೆಗಳೇಳುತ್ತವೆ, ಆಗ ವೇಗ ಸಿಕ್ಕರೂ ಸುಖವಿಲ್ಲ. ಆದ್ದರಿಂದ ನಾಳೆ ಎಷ್ಟು ಗಂಟೆಗೆ ಹೊರಡಬೇಕೆಂದು ತೀರ್ಮಾನಿಸುವುದಕ್ಕೆ ಮುಂಚೆ ಉಬ್ಬರದ ಪಟ್ಟಿ, ಗಾಳಿಯ ಮುನ್ಸೂಚನೆ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಂಡು ನೋಡುತ್ತಾರೆ.